ಡೂಪ್ಲಿಕೇಟ್ ಎರರ್ ಬಂದಾಗ ಮೊದಲು ಎರರ್ ಕೋಡ್ ನೋಡಿ

ಆರ್ಡರ್ ಫೈಲುಗಳನ್ನು ಓದಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ತುಂಬುವ ಪೈಥಾನ್ ಪ್ರೋಗ್ರಾಂ ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಆರ್ಡರ್ ಎರಡು ಸಲ ಬರುವುದು ಇಲ್ಲಿ ಮಾಮೂಲು. ಟೈಮ್‌ಔಟ್ ಆದರೆ ಕಳಿಸುವವರು ಮತ್ತೆ ಕಳಿಸುತ್ತಾರೆ, ಕಳಿಸಲೇಬೇಕು ಕೂಡ.

ಮೊದಲು ಸೆಲೆಕ್ಟ್ ಮಾಡಿ (ಆರ್ಡರ್ ಆಗಲೇ ಇದೆಯೇ ಎಂದು ಹುಡುಕಿ), ಇಲ್ಲದಿದ್ದರೆ ಇನ್ಸರ್ಟ್ ಮಾಡುವ (ಹೊಸದಾಗಿ ಸೇರಿಸುವ) ಕೋಡನ್ನು ತುಂಬಾ ಕಡೆ ನೋಡಿದ್ದೇನೆ. ಎರಡು ವರ್ಕರ್‌ಗಳು (ಅದೇ ಪ್ರೋಗ್ರಾಂನ ಎರಡು ಪ್ರತಿಗಳು) ಒಟ್ಟಿಗೆ ಓಡಿದರೆ ಎರಡಕ್ಕೂ 'ಇಲ್ಲ' ಎಂದೇ ಉತ್ತರ ಸಿಗುತ್ತದೆ, ಎರಡೂ ಇನ್ಸರ್ಟ್‌ಗೆ ಹೊರಡುತ್ತವೆ. ಅಲ್ಲಿ ತಡೆಯುವುದು ಟೇಬಲ್ಲಿನ ಯುನೀಕ್ ಕನ್‌ಸ್ಟ್ರೈಂಟ್ (ಒಂದೇ ಆರ್ಡರ್ ನಂಬರ್ ಎರಡು ಸಲ ಇರಬಾರದು ಎಂಬ ನಿಯಮ) ಮಾತ್ರ.

ಆಗ ಪೈಥಾನ್‌ಗೆ ಬರುವುದು ಇಂಟೆಗ್ರಿಟಿಎರರ್, ಅಂದರೆ ಟೇಬಲ್ಲಿನ ನಿಯಮ ಮುರಿದಾಗಿನ ಎರರ್. ಅದನ್ನು ಹಿಡಿದು 'ಡೂಪ್ಲಿಕೇಟ್, ಬಿಟ್ಟಿದ್ದೇವೆ' ಎಂದು ಲಾಗ್ ಬರೆದು ಮುಂದೆ ಹೋಗುವ ಕೋಡ್ ರಿವ್ಯೂಗೆ ಬಂದರೆ ನಾನು ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಡೂಪ್ಲಿಕೇಟ್‌ನ ಎರರ್ ಕೋಡ್ 23505. ಆರ್ಡರ್‌ನಲ್ಲಿರುವ ಗ್ರಾಹಕರ ಐಡಿ ಗ್ರಾಹಕರ ಟೇಬಲ್ಲಿನಲ್ಲೇ ಇಲ್ಲದಿದ್ದರೆ 23503, ಕಡ್ಡಾಯ ಕಾಲಂ ಖಾಲಿ ಬಂದರೆ 23502. ಮೂರೂ ಇಂಟೆಗ್ರಿಟಿಎರರ್ ಆಗಿಯೇ ಬರುತ್ತವೆ. ಒಟ್ಟಿಗೆ ನುಂಗಿಬಿಟ್ಟರೆ ನಿಜವಾದ ಆರ್ಡರ್ ಸದ್ದಿಲ್ಲದೆ ಕಳೆದುಹೋಗುತ್ತದೆ, ಲಾಗ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತದೆ. ಕೋಡ್ ಜೊತೆಗೆ ಕನ್‌ಸ್ಟ್ರೈಂಟ್ ಹೆಸರನ್ನೂ ನೋಡಿ, ನಾವು ನಿರೀಕ್ಷಿಸಿದ ಡೂಪ್ಲಿಕೇಟ್ ಆಗಿದ್ದರೆ ಮಾತ್ರ ಬಿಡಿ. ಉಳಿದದ್ದನ್ನು ನುಂಗದೆ ಮತ್ತೆ ರೈಸ್ ಮಾಡಿ (ಎರರ್ ಆಗಿಯೇ ಮೇಲಕ್ಕೆ ಕಳಿಸಿ).

ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ತೊಡಕಿದೆ. ಒಂದು ಇನ್ಸರ್ಟ್ ಕೆಟ್ಟರೆ ಇಡೀ ಟ್ರಾನ್ಸಾಕ್ಷನ್ (ಒಂದೇ ಗುಂಪಾಗಿ ನಡೆಯುವ ಕ್ವೆರಿಗಳು) ಕೆಡುತ್ತದೆ, ರೋಲ್‌ಬ್ಯಾಕ್ ಆಗುವ (ಮಾಡಿದ್ದನ್ನು ರದ್ದು ಮಾಡುವ) ತನಕ ಮುಂದಿನ ಕ್ವೆರಿ ಯಾವುದೂ ನಡೆಯದು. ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿದರೆ ಅಲ್ಲಿಯವರೆಗೆ ಸೇರಿಸಿದ ಒಳ್ಳೆಯ ಸಾಲುಗಳೂ ಹೋಗುತ್ತವೆ. ಎಸ್‌ಕ್ಯುಎಲ್‌ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿ ಬಳಸುವವರು ಪ್ರತಿ ಸಾಲನ್ನೂ ಬಿಗಿನ್_ನೆಸ್ಟೆಡ್ ಒಳಗೆ ಹಾಕಿದರೆ ಸೇವ್‌ಪಾಯಿಂಟ್ (ಟ್ರಾನ್ಸಾಕ್ಷನ್ ನಡುವೆ ಹಿಂದಿರುಗಬಹುದಾದ ಗುರುತು) ಸಿಗುತ್ತದೆ, ಕೆಟ್ಟ ಸಾಲು ಮಾತ್ರ ಹಿಂದೆ ಹೋಗುತ್ತದೆ.

ಸಾಲುಗಳು ಸಾವಿರಗಟ್ಟಲೆ ಇದ್ದರೆ ಪೋಸ್ಟ್‌ಗ್ರೆಸ್ 9.5ರಿಂದ ಇರುವ 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' (ಡೂಪ್ಲಿಕೇಟ್ ಆದರೆ ಎರರ್ ಕೊಡದೆ ಆ ಸಾಲು ಬಿಡು) ಒಳ್ಳೆಯದು. ಆದರೆ ಯಾವ ಕಾಲಂ ಎಂದು ಹೇಳಿಯೇ ಬರೆಯಿರಿ. ಹೇಳದಿದ್ದರೆ ಬೇರೆ ಯುನೀಕ್ ಕನ್‌ಸ್ಟ್ರೈಂಟ್‌ಗೆ ತಾಗಿದ್ದೂ ಮಾಯವಾಗುತ್ತದೆ. ಬಿಟ್ಟ ಸಾಲಿಗೆ 'ರಿಟರ್ನಿಂಗ್' (ಸೇರಿಸಿದ ಸಾಲಿನ ಐಡಿ ಮುಂತಾದದ್ದನ್ನು ವಾಪಸ್ ಕೊಡುವ ಭಾಗ) ಏನನ್ನೂ ಕೊಡದು, ಐಡಿ ಬೇಕಿದ್ದರೆ ಬೇರೆ ಸೆಲೆಕ್ಟ್ ಮಾಡಬೇಕು. ಮೈಎಸ್‌ಕ್ಯುಎಲ್ ಡೇಟಾಬೇಸ್‌ನ 'ಇನ್ಸರ್ಟ್ ಇಗ್ನೋರ್' ಇದಕ್ಕೆ ಸಮ ಎಂದುಕೊಳ್ಳಬೇಡಿ. ಅದು ಬೇರೆ ಎಷ್ಟೋ ಎರರ್‌ಗಳನ್ನೂ ಬರೀ ವಾರ್ನಿಂಗ್ ಮಾಡಿಬಿಡುತ್ತದೆ.

ನನಗೆ ಹೆಚ್ಚು ಚಿಂತೆ ತರುವುದು ಆರ್ಡರ್ ನಂಬರ್ ಅದೇ ಇದ್ದು ಮೊತ್ತ ಬೇರೆ ಇರುವ ಸಾಲು. ಡೇಟಾಬೇಸ್‌ಗೆ ಅದೂ ಬರೀ ಡೂಪ್ಲಿಕೇಟ್. ಅದಕ್ಕೇ ಬಿಟ್ಟ ಪ್ರತಿ ಸಾಲನ್ನೂ ಹಳೆಯದರೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಬೇರೆ ಟೇಬಲ್ಲಿಗೆ ಹಾಕುತ್ತೇವೆ. ಅದನ್ನು ಅಕೌಂಟ್ಸ್‌ನವರು ಕೂತು ನೋಡುತ್ತಾರೆ.