ಫೋಟೋ ನಮ್ಮದು, ಕೃಪೆ ಮಾತ್ರ ಅಂತರ್ಜಾಲದ್ದು

ಕಂಬಳದ ಸೀಸನ್ ಶುರುವಾಯಿತೆಂದರೆ ಕರಾವಳಿಯ ಫೋಟೋಗ್ರಾಫರ್‌ಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ಗೋಳು. ‘ಇದು ನಾನು ತೆಗೆದದ್ದು ಮಾರಾಯ್ರೆ, ಕೆಳಗೆ ನೋಡಿದರೆ ಚಿತ್ರಕೃಪೆ ಅಂತರ್ಜಾಲ ಅಂತ ಉಂಟು!’ ಈ ಅಂತರ್ಜಾಲ ಯಾವತ್ತು ಕರೆಯ (ಕೋಣ ಓಡುವ ಕೆಸರುಗದ್ದೆಯ) ಬದಿಯಲ್ಲಿ ರಾತ್ರಿಯಿಡೀ ಕೆಸರು ತಿಂದುಕೊಂಡು ನಿಂತಿತ್ತೋ, ನಾನಂತೂ ನೋಡಿಲ್ಲ.

ಕಂಬಳದ ಕನೆಹಲಗೆ ಓಟದ ಫೋಟೋ ತೆಗೆದವರನ್ನು ಕೇಳಿ. ಹಲಗೆಯ ಮೇಲೆ ಒಂದು ಕಾಲಿಟ್ಟು ಕೋಣಗಳನ್ನು ಓಡಿಸಿಕೊಂಡು ಬರುವಾಗ, ಅದರ ತೂತುಗಳಿಂದ ನೀರು ಚಿಮ್ಮಿ ಮೇಲೆ 6.5 ಕೋಲು (ಇಲ್ಲಿನ ಅಳತೆ) ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು, ಕೋಣಗಳ ಮುಖವೂ ಕಾಣಬೇಕು, ಲೆನ್ಸಿನ ಮೇಲೆ ಕೆಸರೂ ಬೀಳಬಾರದು. ಇಷ್ಟೆಲ್ಲ ಕೂಡಿಬಂದ ನನ್ನದೊಂದು ಫೋಟೋ ಒಂದು ರೆಸಾರ್ಟಿನ ಜಾಹೀರಾತಿನಲ್ಲಿ ಪ್ರತ್ಯಕ್ಷವಾಯಿತು. ಮೂಲೆಯಲ್ಲಿದ್ದ ನನ್ನ ಹೆಸರನ್ನು ನೀಟಾಗಿ ಕತ್ತರಿಸಿದ್ದರು. ಅಂದರೆ ಗೊತ್ತಿಲ್ಲದೆ ಮಾಡಿದ್ದಲ್ಲ, ಅಲ್ವಾ?

ಇಂಥ ಹೊತ್ತಲ್ಲಿ ಮೊದಲು ಬೈಯಲು ಹೋಗಬೇಡಿ. ಬೈದ ಹತ್ತು ನಿಮಿಷಕ್ಕೆ ಅವರು ಡಿಲೀಟ್ ಮಾಡುತ್ತಾರೆ, ಆಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಪುಟದ ವಿಳಾಸ, ತಾರೀಕು ಎರಡೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪೇಪರಿನಲ್ಲಿ ಬಂದಿದ್ದರೆ ಫೋಟೋ ಮಾತ್ರ ಕತ್ತರಿಸಿಡಬೇಡಿ, ಇಡೀ ಸಂಚಿಕೆಯನ್ನೇ ಎತ್ತಿಡಿ. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಇನ್ನೂ ಯಾರ್‍ಯಾರು ಬಳಸಿದ್ದಾರೆ ಅಂತಲೂ ಸಿಗಬಹುದು. ಇನ್ನು ಮೂಲ ರಾ ಫೈಲು (ಕ್ಯಾಮೆರಾದಿಂದ ಬಂದ, ತಿದ್ದದ ಫೈಲು) ಮತ್ತು ಅದರ ಹಿಂದೆ ಮುಂದೆ ಹೊಡೆದ ಫ್ರೇಮುಗಳು ನಿಮ್ಮ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಇರುವುದಿಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ ಕಾಪಿ ಸಾಲದು, ಕ್ಯಾಮೆರಾದ ವಿವರಗಳೆಲ್ಲ ಅದರಲ್ಲಿ ಅಳಿಸಿಹೋಗಿರುತ್ತವೆ.

ಕಾನೂನು ಹೆಚ್ಚಿನ ಜನ ಅಂದುಕೊಂಡದ್ದಕ್ಕಿಂತ ನಮ್ಮ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯ ಅಲ್ಲ. 57ನೇ ಸೆಕ್ಷನ್ನಿನಲ್ಲಿ ಹೆಸರಿನ ಹಕ್ಕು ಬೇರೆಯೇ ಇದೆ, ಫೋಟೋ ಮಾರಿದ ಮೇಲೂ ಅದು ನಿಮ್ಮದೇ. ಆದರೆ ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೋದ ಲೆಕ್ಕ ಬೇರೆ. ಮೊದಲೇ ಬರೆದುಕೊಳ್ಳದಿದ್ದರೆ ಅದರ ಒಡೆತನ ತೆಗೆಸಿದವರಿಗೆ ಹೋಗುತ್ತದೆ. ಸಂಬಳಕ್ಕೆ ತೆಗೆದದ್ದಕ್ಕೂ ಹೆಚ್ಚುಕಡಿಮೆ ಇದೇ ಕಥೆ.

ಇಷ್ಟಾದ ಮೇಲೆ ಒಂದು ಮೇಲ್ ಬರೆಯಿರಿ. ವರದಿಗಾರನಿಗೆ ಬೇಡ, ಪಾಪ ಅವನಿಗೆ ಗೊತ್ತೇ ಇರುವುದಿಲ್ಲ, ಸಂಪಾದಕರಿಗೋ ಮಾಲೀಕರಿಗೋ ಬರೆಯಿರಿ. ಇಂಥ ದಿನ ಇಂಥ ಪುಟದಲ್ಲಿ ಬಂದ ಫೋಟೋ ನನ್ನದು, ಅನುಮತಿ ಕೇಳಿಲ್ಲ, ಹೆಸರು ಹಾಕಿ, ಇಷ್ಟು ಶುಲ್ಕ ಇಂಥ ತಾರೀಕಿನೊಳಗೆ ಕೊಡಿ. ನಾಲ್ಕು ಸಾಲು ಸಾಕು. ಕಲೆ, ಶ್ರಮ, ನೋವು ಅಂತೆಲ್ಲ ಬರೆದರೆ ‘ಸಾರಿ ಸರ್’ ಅಂತ ಉತ್ತರ ಬರುತ್ತದೆ, ದುಡ್ಡು ಬರುವುದಿಲ್ಲ.

ಎಲ್ಲರಿಗೂ ಒಂದೇ ತಕ್ಕಡಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಂಬಳ ಸಮಿತಿಯವರು ಫ್ಲೆಕ್ಸ್‌ಗೆ ಬಳಸಿದರೆ ಮುಂದಿನ ಸಲ ಹೆಸರು ಹಾಕಿ ಅಂದು ಸುಮ್ನಾಗುತ್ತೇನೆ, ಕರೆಯ ಹತ್ತಿರ ನಿಲ್ಲಲು ಬಿಡುವವರು ಅವರೇ ಅಲ್ವಾ. ಪತ್ರಿಕೆಯವರು ಹೆಸರೂ ಹಾಕಬೇಕು, ಬೇರೆಯವರಿಗೆ ಕೊಡುವಷ್ಟು ಸಂಭಾವನೆಯನ್ನೂ ಕೊಡಬೇಕು. ವ್ಯಾಪಾರಕ್ಕೆ ಬಳಸಿಕೊಂಡವರ ಹತ್ತಿರ ಮಾತ್ರ ಬರೀ ಹೆಸರಿಗೆ ಒಪ್ಪಲೇಬೇಡಿ. ರೆಸಾರ್ಟಿನವರು ನನಗೆ ಹೇಳಿದ್ದೂ ಅದೇ, ‘ಗೂಗಲ್‌ನಲ್ಲಿ ಸಿಕ್ಕಿತು ಸರ್, ಈಗ ನಿಮ್ಮ ಹೆಸರು ಹಾಕ್ತೇವೆ, ನಿಮಗೂ ಪ್ರಚಾರ ಆಗ್ತದೆ.’ ನನ್ನ ಪ್ರಚಾರ ನಾನು ನೋಡಿಕೊಳ್ಳುತ್ತೇನೆ, ಬಿಲ್ ಕಳಿಸಿದ್ದೇನೆ ನೋಡಿ ಅಂದೆ.

ಮೇಲ್‌ಗೆ ಉತ್ತರ ಬರದಿದ್ದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಕಾಪಿರೈಟ್ ದೂರಿನ ಫಾರ್ಮ್ ಇದೆ, ತುಂಬಿ. ಆಮೇಲೆ ವಕೀಲರಿಂದ ನೋಟಿಸ್. ಕೋರ್ಟಿಗೇ ಹೋಗುವುದಾದರೆ 62ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು, ಅವರ ಊರಿಗೆ ಅಲೆಯಬೇಕಿಲ್ಲ. ಒಂದು ಫೋಟೋಕ್ಕೆ ಅಷ್ಟು ದೂರ ಹೋಗುವುದು ಲಾಭವಲ್ಲ, ಅದೂ ನಿಜ. ಆದರೆ 63ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು ಅಂತ ಇದೆ. ಅದನ್ನು ನೋಟಿಸಿನಲ್ಲಿ ಓದಿದ ಮೇಲೆ ಫೋನು ತಾನಾಗಿಯೇ ಬರುತ್ತದೆ.

ನನಗೂ ಬಂತು. ಸ್ವಲ್ಪ ಚೌಕಾಸಿ ಮಾಡಿ, ಜಾಹೀರಾತು ತೆಗೆದು, ದುಡ್ಡು ಕೊಡಲು ಒಪ್ಪಿದರು. ಅಷ್ಟಾದ ಮೇಲೆ ಅವರ ಲೆಕ್ಕದವರು ಫೋನ್ ಮಾಡಿ ಕೇಳಿದ್ದೇನು ಗೊತ್ತಾ? ‘ಸರ್, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ನಮ್ಮಲ್ಲಿ ಎಲ್ಲ ಕ್ರಮಪ್ರಕಾರ ಆಗಬೇಕು.’