ದೋಸೆ ಹಿಟ್ಟು ರುಬ್ಬುವ ಅಕ್ಕ ಯಾವ ಲೆಕ್ಕದಲ್ಲಿದ್ದಾರೆ?

ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ (ಪಿಎಲ್‌ಎಫ್‌ಎಸ್) ಪ್ರಕಾರ ಭಾರತದಲ್ಲಿ 15 ವರ್ಷ ಮೇಲ್ಪಟ್ಟವರ ಕಾರ್ಮಿಕ ಬಲ ಪಾಲ್ಗೊಳ್ಳುವಿಕೆ ದರ 2017-18ರಲ್ಲಿ ಶೇ 49.8 ಇತ್ತು. 2023-24ಕ್ಕೆ ಅದು ಶೇ 60.1 ಆಯಿತು. ಆರು ವರ್ಷದಲ್ಲಿ ಹತ್ತು ಅಂಶದ ಏರಿಕೆ ಸಣ್ಣದಲ್ಲ. ಒಳಗೆ ಇಣುಕಿದರೆ ಗಂಡಸರ ದರ ಏರಿದ್ದು 75.8ರಿಂದ 78.8ಕ್ಕೆ ಮಾತ್ರ. ಹೆಂಗಸರದು 23.3ರಿಂದ 41.7ಕ್ಕೆ ಹೋಗಿದೆ. ಹಾಗಾಗಿ ಈ ಅಂಕಿಯನ್ನು ನೋಡುವವರು ಮೊದಲು ಕೇಳಬೇಕಾದ್ದು, ಹೆಂಗಸರ ಯಾವ ದುಡಿಮೆ ಲೆಕ್ಕಕ್ಕೆ ಬಂತು ಅನ್ನುವುದನ್ನು.

ಸೂತ್ರ ಸುಲಭ. ಕೆಲಸದಲ್ಲಿರುವವರನ್ನೂ, ಕೆಲಸ ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ತಯಾರಿರುವವರನ್ನೂ ಕೂಡಿಸಿ, ಆ ವಯಸ್ಸಿನ ಒಟ್ಟು ಜನಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ದರ ಸಿಗುತ್ತದೆ. ಸಮೀಕ್ಷೆಯವರು ಪ್ರತಿಯೊಬ್ಬರ ಚಟುವಟಿಕೆಗೂ ಒಂದು ಕೋಡ್ ಸಂಖ್ಯೆ ಕೊಡುತ್ತಾರೆ. ಮೊದಲ ತೊಡಕು ಇರುವುದು ಯಾರಿಗೆ ಯಾವ ಕೋಡ್ ಬೀಳುತ್ತದೆ ಎಂಬಲ್ಲಿ.

ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಕನ್ನಡ ಮನೆ ಅಂತ ಇಟ್ಟುಕೊಳ್ಳಿ. ಯಜಮಾನರು ದಾದರ್‌ನ ಹೋಟೆಲೊಂದರಲ್ಲಿ ತಿಂಗಳ ಸಂಬಳಕ್ಕೆ ಗಲ್ಲಾ ನೋಡಿಕೊಳ್ಳುತ್ತಾರೆ, ಕೋಡ್ 31. ಅಜ್ಜನಿಗೆ ಪಿಂಚಣಿ ಬರುತ್ತದೆ, 94. ಮಗಳು ಕಾಲೇಜಿನಲ್ಲಿದ್ದಾಳೆ, 91. ಮಗ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ, 81. ಇನ್ನು ಮನೆಯಾಕೆ. ಅಡುಗೆ, ಬಟ್ಟೆ, ಅತ್ತೆಯ ಔಷಧಿ ಎಲ್ಲ ಮುಗಿಸಿ, ಸಂಜೆ ಐದಾರು ಕಿಲೊ ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದ ಬಿಲ್ಡಿಂಗುಗಳಿಗೆ ಮಾರುತ್ತಾರೆ. ಸಮೀಕ್ಷೆಯವರು ಬಂದಾಗ ಬಾಗಿಲು ತೆರೆದ ಅಜ್ಜ 'ಸೊಸೆ ಮನೇಲೇ ಇರ್ತಾಳೆ' ಅಂದರೆ ಕೋಡ್ 92 ಬಿತ್ತು. ಮನೆಗೆಲಸವಷ್ಟೇ, ಕಾರ್ಮಿಕ ಬಲದ ಹೊರಗೆ. ಬಂದವರು ಒಂದು ಹೆಜ್ಜೆ ಮುಂದೆ ಹೋಗಿ 'ಮಾರಲು ಏನಾದರೂ ಮಾಡ್ತಾರಾ? ವರ್ಷದಲ್ಲಿ 30 ದಿನವಾದರೂ?' ಅಂತ ವಿಚಾರಿಸಿದರೆ ಉಪಕಸುಬಿನ ಖಾನೆಯಲ್ಲಿ 11, ಅಂದರೆ ಸ್ವಂತ ಕಸುಬು, ಬೀಳುತ್ತದೆ. ಅದೇ ಹೆಂಗಸು, ಅದೇ ಗ್ರೈಂಡರು, ಈಗ ಒಳಗೆ.

ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದನ್ನೂ ತಿಳಿದಿರಬೇಕು. ಊರಿನಲ್ಲಿ ಮನೆಬಳಕೆಗೆಂದೇ ಮೆಣಸಿನಕಾಯಿ ಬೆಳೆದರೂ ಅದು ಆರ್ಥಿಕ ಚಟುವಟಿಕೆ. ಅದನ್ನು ಮನೆಗೆ ಬೇಕಾದಷ್ಟು ಖಾರದ ಪುಡಿ ಮಾಡಿದರೆ ಅಲ್ಲ. ಮಾರಲು ಮಾಡಿದರೆ ಮತ್ತೆ ಹೌದು. ಸೌದೆ ಆರಿಸಿ ತರುವುದು, ದನಕ್ಕೆ ಮೇವು ತರುವುದು, ಮನೆಮಂದಿಯ ಬಟ್ಟೆ ಹೊಲಿಯುವುದು ಕೋಡ್ 93ಕ್ಕೆ ಹೋಗುತ್ತವೆ, ಹೊರಗೆ. ಹಾಸಿಗೆ ಹಿಡಿದವರ ಆರೈಕೆ ದಿನಕ್ಕೆ ಹನ್ನೆರಡು ಗಂಟೆ ಮಾಡಿದರೂ ಹೊರಗೇ. ಇದು ನನಗೆ ಒಪ್ಪಿಗೆಯಾಗುವ ಗೆರೆಯಲ್ಲ, ಆದರೆ ಅಂಕಿ ನಿಂತಿರುವುದು ಇದರ ಮೇಲೆ.

ಎರಡನೆಯ ತೊಡಕು ಅವಧಿಯದು. 'ಸಾಮಾನ್ಯ ಸ್ಥಿತಿ' ಹಿಂದಿನ 365 ದಿನ ನೋಡುತ್ತದೆ. ಹೆಚ್ಚಿನ ಕಾಲ ಏನು ಮಾಡಿದಿರಿ ಎಂಬುದು ಮುಖ್ಯ, 30 ದಿನ ಅಥವಾ ಹೆಚ್ಚು ಮಾಡಿದ ಬೇರೆ ಕೆಲಸ ಉಪ. 'ಚಾಲ್ತಿ ವಾರದ ಸ್ಥಿತಿ' ಹಿಂದಿನ ಏಳು ದಿನವಷ್ಟೇ ನೋಡುತ್ತದೆ, ಅದರಲ್ಲಿ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಸಾಕು. ಗೋವಾದ ಕಡಲತೀರದ ಶ್ಯಾಕ್‌ನಲ್ಲಿ ಅಕ್ಟೋಬರಿನಿಂದ ಮೇವರೆಗೆ ದುಡಿದು ಮಳೆಗಾಲಕ್ಕೆ ಬಾಗಲಕೋಟೆ ಕಡೆ ಊರಿಗೆ ಹೋಗುವ ಹುಡುಗ ವರ್ಷದ ಲೆಕ್ಕದಲ್ಲಿ ಉದ್ಯೋಗಿ. ಜುಲೈ ವಾರದ ಲೆಕ್ಕದಲ್ಲಿ, ಅಪ್ಪನ ಹೊಲಕ್ಕೆ ಇಳಿದಿದ್ದರೆ ಕೋಡ್ 21, ಸಂಬಳವಿಲ್ಲದ ಸಹಾಯಕ. ಕೈಕಟ್ಟಿ ಕೂತು, ಸೀಸನ್ ಬರಲಿ ಎಂದು ಕೆಲಸ ಕೇಳದೆಯೂ ಬಯಸದೆಯೂ ಇದ್ದರೆ ಕಾರ್ಮಿಕ ಬಲದಲ್ಲೇ ಇಲ್ಲ.

ಇದನ್ನು ಮರೆತವರು ಪ್ರತಿ ತಿಂಗಳೂ ಎಡವುತ್ತಾರೆ. 2025ರಿಂದ ಪಿಎಲ್‌ಎಫ್‌ಎಸ್ ಅಂಕಿ ತಿಂಗಳಿಗೊಮ್ಮೆ ಬರುತ್ತಿದೆ. ಮೊದಲನೆಯದು, ಏಪ್ರಿಲ್ 2025ರದು, ಶೇ 55.6. '60.1ರಿಂದ ಕುಸಿತ' ಎನ್ನುವುದು ತಪ್ಪು, ಏಕೆಂದರೆ 60.1 ಸಾಮಾನ್ಯ ಸ್ಥಿತಿಯದು, 55.6 ವಾರದ್ದು. 2023-24ರ ವಾರದ ಅಂಕಿ 56.2 ಇತ್ತು. ಹೋಲಿಸುವುದಾದರೆ ಅದರ ಜೊತೆ, ಅದೂ ಒಂದು ತಿಂಗಳನ್ನು ಇಡೀ ವರ್ಷದ ಪಕ್ಕ ಇಡುತ್ತಿದ್ದೇವೆ ಎಂಬ ಎಚ್ಚರದಿಂದ. ಇನ್ನೊಂದು ಗೊಂದಲ ವಯಸ್ಸಿನದು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ 2017-18ರ ದರ 36.9, 2023-24ರದು 45.1. ಮಕ್ಕಳೂ ಛೇದದಲ್ಲಿ ಸೇರುವುದರಿಂದ ಅಂಕಿ ಇಳಿಯುತ್ತದೆ.

ನಿರುದ್ಯೋಗ ದರವನ್ನೂ ಇದರ ಜೊತೆಗೇ ಓದಬೇಕು. ನೂರು ಜನರಲ್ಲಿ 60 ಮಂದಿ ಕಾರ್ಮಿಕ ಬಲ, ಅದರಲ್ಲಿ 57 ಜನಕ್ಕೆ ಕೆಲಸ, ಮೂವರಿಗೆ ಇಲ್ಲ ಅನ್ನಿ. ನಿರುದ್ಯೋಗ ಶೇ 5. ಮೂವರಲ್ಲಿ ಇಬ್ಬರು ಬೇಸತ್ತು ಹುಡುಕುವುದನ್ನೇ ಬಿಟ್ಟರೆ 58ರಲ್ಲಿ ಒಬ್ಬ, ಅಂದರೆ ಶೇ 1.7. ಒಬ್ಬರಿಗೂ ಕೆಲಸ ಸಿಗಲಿಲ್ಲ, ದರ ಮಾತ್ರ ಇಳಿಯಿತು.

ಇನ್ನು ಏರಿಕೆಯ ತಿರುಳು. ಹಳ್ಳಿಯ ಹೆಂಗಸರ ದರ 2004-05ರಲ್ಲಿ 49.4 ಇದ್ದದ್ದು 2011-12ಕ್ಕೆ 35.8, 2017-18ಕ್ಕೆ 24.6 ಆಗಿ, 2023-24ಕ್ಕೆ ಮತ್ತೆ 47.6 ತಲುಪಿತು. ಇಳಿದದ್ದಕ್ಕೆ ಹುಡುಗಿಯರ ಓದು, ಹೊಲಕ್ಕೆ ಬಂದ ಯಂತ್ರ, ಮನೆಯ ಆದಾಯ ಎಂದು ಹಲವು ಕಾರಣ ಹೇಳುತ್ತಾರೆ. ಏರಿದ್ದರ ಸ್ವರೂಪ ಮಾತ್ರ ವರದಿಯಲ್ಲೇ ಇದೆ. 2017-18ರಿಂದ 2023-24ರ ನಡುವೆ ದುಡಿಯುವ ಹೆಂಗಸರಲ್ಲಿ ಸ್ವಂತ ಕಸುಬಿನವರ ಪಾಲು 51.9ರಿಂದ 67.4ಕ್ಕೆ ಏರಿತು, ತಿಂಗಳ ಸಂಬಳದವರದು 21.0ರಿಂದ 15.9ಕ್ಕೆ ಇಳಿಯಿತು. ಆ ಸ್ವಂತ ಕಸುಬಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯ ಹೊಲ-ಅಂಗಡಿಗಳಲ್ಲಿ ಸಂಬಳವಿಲ್ಲದೆ ದುಡಿಯುವ ಸಹಾಯಕಿಯರು. ಅವರ ದುಡಿಮೆ ಕಣ್ಣಿಗೆ ಬಿದ್ದದ್ದು ಸಂತೋಷ, ಆದರೆ ಕೋಡ್ 21ರ ಏರಿಕೆಯನ್ನು ಕೋಡ್ 31ರ ಏರಿಕೆಯಂತೆ ಸಂಭ್ರಮಿಸಲು ನನಗೆ ಮನಸ್ಸಿಲ್ಲ. ನಗರದ ಹೆಂಗಸರ ದರ ಇದೇ ಅವಧಿಯಲ್ಲಿ 20.4ರಿಂದ 28.0ಕ್ಕಷ್ಟೇ ಬಂದಿದೆ.

ಮುಂಬಯಿ, ಪುಣೆಯ ಕನ್ನಡ ಸಂಘಗಳು ಸದಸ್ಯ ಕುಟುಂಬಗಳ ಮಾಹಿತಿ ಕಲೆಹಾಕುವುದಿದ್ದರೆ 'ಉದ್ಯೋಗ' ಎಂಬ ಒಂದೇ ಖಾನೆ ಸಾಲದು. ಮಾಹಿತಿಯನ್ನು ಮನೆಯಾಕೆಯಿಂದಲೇ ಪಡೆಯಿರಿ, ಮನೆಯ ಗಂಡಸರಿಂದಲ್ಲ. 'ಕೆಲಸಕ್ಕೆ ಹೋಗ್ತೀರಾ?' ಬದಲು 'ಕಳೆದ ಏಳು ದಿನದಲ್ಲಿ ಮಾರಲು ಅಥವಾ ಕೂಲಿಗೆ ಏನಾದರೂ ಮಾಡಿದಿರಾ? ವರ್ಷದಲ್ಲಿ ಎಷ್ಟು ದಿನ? ದುಡ್ಡು ಯಾರ ಕೈಗೆ ಬರುತ್ತದೆ? ಕೆಲಸ ಸಿಕ್ಕರೆ ಮಾಡ್ತೀರಾ, ಎಷ್ಟು ಹೊತ್ತು?' ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮಗು ಶಾಲೆಯಲ್ಲಿರುವ ನಾಲ್ಕು ಗಂಟೆ ಮಾತ್ರ ದುಡಿಯಬಲ್ಲವರು ಎಷ್ಟಿದ್ದಾರೆ ಎಂಬುದು ಆ ಉತ್ತರದಲ್ಲೇ ಇರುತ್ತದೆ.