ತಮ್ಮ ಈಗ ಬೈಕ್ ಮುಟ್ಟುತ್ತಿಲ್ಲ

ಅಕ್ಕನಿಗೆ ಡೋನರ್ ಸಿಕ್ಕಿದ್ದಾರೆ ಅಂತ ಗೊತ್ತಾದ ದಿನದಿಂದ ಎಲ್ಲರೂ ಕೇಳುವುದು ಒಂದೇ. "ಆಪರೇಷನ್ ಯಾವಾಗ?" ಆಪರೇಷನ್ ಅಲ್ಲ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ಟ್ರಾನ್ಸ್‌ಪ್ಲಾಂಟ್ ಅಂದರೆ ಮೂಳೆ ಕತ್ತರಿಸಿ ಏನೋ ಜೋಡಿಸುವುದಲ್ಲ. ತಮ್ಮನ ರಕ್ತದಿಂದ ತೆಗೆದ, ಹೊಸ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ಒಂದು ಚೀಲದಲ್ಲಿ ತಂದು, ರಕ್ತ ಏರಿಸುವ ಹಾಗೇ ಅಕ್ಕನ ನರಕ್ಕೆ ಬಿಡುತ್ತಾರೆ. ಅವು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಹೋಗಿ ನೆಲೆಸುತ್ತವೆ. ಕಷ್ಟ ಇರುವುದೆಲ್ಲ ಅದಕ್ಕೆ ಮುಂಚೆ, ಮತ್ತೆ ಅದಾದ ಮೇಲೆ. ನಾವಿನ್ನೂ ಮುಂಚೆಯಲ್ಲೇ ಇದ್ದೇವೆ.

ಅಕ್ಕನಿಗೆ ಇರುವುದು ಎಎಂಎಲ್, ರಕ್ತದ ಕ್ಯಾನ್ಸರ್. ಮೊದಲ ಕೀಮೋದಲ್ಲಿ ಏಳು ದಿನ ಒಂದು ಔಷಧಿ, ಅದರಲ್ಲಿ ಮೂರು ದಿನ ಜೊತೆಗೆ ಇನ್ನೊಂದು. ಆ ಇನ್ನೊಂದರ ಬಣ್ಣ ಕೆಂಪು. ಮೂತ್ರವೂ ಕೆಂಪಾಗುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ನಮ್ಮ ತಲೆಗೆ ಹೋಗಿರಲಿಲ್ಲ. ಅಕ್ಕ ಬಾತ್‌ರೂಮಿನಿಂದ ಕೂಗಿಕೊಂಡಳು, ನಾನು ಓಡಿದೆ, ಸಿಸ್ಟರ್ ಬಂದು ನೋಡಿ "ಔಷಧಿ ಬಣ್ಣ ಅಮ್ಮಾ" ಅಂದು ನಕ್ಕು ಹೋದರು. ಇಬ್ಬರೂ ಅಲ್ಲೇ ಗೋಡೆಗೆ ಒರಗಿ ನಿಂತೆವು. ಕೈಕಾಲು ನಡುಗುವುದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಮ್ಯಾಚ್ ಟೆಸ್ಟ್‌ಗೆ ರಕ್ತ ಕೊಟ್ಟಾಗ ನಾನೇ ಡೋನರ್ ಅಂತ ಖಾತ್ರಿ ಮಾಡಿಕೊಂಡಿದ್ದೆ. ನಮ್ಮಿಬ್ಬರದೂ ಒಂದೇ ಬ್ಲಡ್ ಗ್ರೂಪ್, ನೋಡಲೂ ಒಂದೇ ಥರ, ಅವಳ ಚಪ್ಪಲಿಯೂ ನನಗೆ ಆಗುತ್ತದೆ. ಆದರೆ ಇಲ್ಲಿ ಬ್ಲಡ್ ಗ್ರೂಪ್ ಒಂದೇ ಇರಬೇಕು ಅಂತೇನಿಲ್ಲ. ಮುಖ್ಯವಾಗಿ ನೋಡುವುದು ಎಚ್‌ಎಲ್‌ಎ, ಅಂದರೆ ಇದು ನನ್ನದು, ಇದು ಬೇರೆಯವರದು ಅಂತ ಮೈ ಗುರುತಿಸಲು ಸೆಲ್‌ಗಳ ಮೇಲಿರುವ ಗುರುತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನನ್ನದು ಹೊಂದಲೇ ಇಲ್ಲ. ಹೊಂದಿದ್ದು ತಮ್ಮನದು. ಸೂಜಿ ಕಂಡರೆ ಕಣ್ಣು ಮುಚ್ಚುವವನು, ಚಿಕ್ಕಂದಿನಿಂದ ಅಕ್ಕನ ಜೊತೆ ಜಗಳ ಬಿಟ್ಟು ಬೇರೇನೂ ಆಡದವನು. ಅವನ ಗ್ರೂಪ್ ಬೇರೆ, ಹಾಗಾಗಿ ಟ್ರಾನ್ಸ್‌ಪ್ಲಾಂಟ್ ಸರಿಹೋದರೆ ಬರಬರುತ್ತಾ ಅಕ್ಕನದೂ ಅದೇ ಗ್ರೂಪ್ ಆಗುತ್ತದಂತೆ. "ಇವನ ಸಿಟ್ಟೂ ಬರುತ್ತೇನೋ" ಅಂದಳು ಅಕ್ಕ. ನಾನೂ ನಕ್ಕೆ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು.

ಹೋಗಲಿ, ರಕ್ತವನ್ನಾದರೂ ಕೊಡುತ್ತೇನೆ ಅಂದರೆ ಅದೂ ಬೇಡವೆಂದರು. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ರಕ್ತಸಂಬಂಧಿಗಳ ರಕ್ತ ಏರಿಸಿದರೆ, ಅವಳ ಮೈ ಅದರ ಗುರುತು ಹಿಡಿದಿಟ್ಟುಕೊಂಡು ಆಮೇಲೆ ತಮ್ಮನ ಸೆಲ್‌ಗಳ ಮೇಲೂ ತಿರುಗಿ ಬೀಳಬಹುದು. ಹಾಗಾಗಿ ಗೊತ್ತಿಲ್ಲದವರು ಕೊಟ್ಟದ್ದೇ ಅವಳಿಗೆ ಏರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕೆಂಪಗಿರುತ್ತದೆ ಅಂದುಕೊಂಡಿದ್ದೆ, ಅದು ಮಾಸಲು ಹಳದಿ. ಸಾಮಾನ್ಯವಾಗಿ ಐದೇ ದಿನ ಇಡಬಹುದು, ಅದೂ ಅಲುಗಾಡಿಸುತ್ತಲೇ ಇರಬೇಕು. ಯಾರೋ ಈ ವಾರವೇ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು ಅಂತ ಆ ಚೀಲ ನೋಡುವಾಗೆಲ್ಲ ಅನ್ನಿಸುತ್ತದೆ.

ಟ್ರಾನ್ಸ್‌ಪ್ಲಾಂಟ್‌ಗೆ ದಿನ ಗೊತ್ತಾಗಿತ್ತು. ಎರಡನೇ ಕೀಮೋ ಮುಗಿಸಿ ಮನೆಗೆ ಬಂದಿದ್ದಳು, ಬಿಳಿ ರಕ್ತಕಣ ತೀರಾ ಕೆಳಗಿತ್ತು. ಜ್ವರ 100.4 ದಾಟಿದರೆ ಎಷ್ಟು ಹೊತ್ತಾಗಿದ್ದರೂ ಕರೆದುಕೊಂಡು ಬನ್ನಿ ಅಂದಿದ್ದರು. ಒಂದು ರಾತ್ರಿ 99.8. ಹತ್ತು ನಿಮಿಷ ಬಿಟ್ಟು 100.1. ಅಕ್ಕ "ಕಂಬಳಿ ಹೊದ್ದಿದ್ದೆ ಅಲ್ವಾ, ಅದಕ್ಕೇ" ಅಂದಳು. ಕಂಬಳಿ ತೆಗೆದೆ. ಇಬ್ಬರೂ ಮಾತಾಡದೆ ಕೂತೆವು. ಮತ್ತೆ ಇಟ್ಟಾಗ 100.9. ಬ್ಯಾಗ್ ಬಾಗಿಲ ಹತ್ತಿರವೇ ಇತ್ತು.

ಸ್ಕ್ಯಾನ್ ಮಾಡಿದರೆ ಶ್ವಾಸಕೋಶದಲ್ಲಿ ಫಂಗಸ್. ದಿನ ಮುಂದಕ್ಕೆ ಹೋಯಿತು. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ಕೊಡುವ ಜೋರು ಕೀಮೋ ಇರುವ ಮ್ಯಾರೋವನ್ನೂ ಅಳಿಸಿ ಹಾಕುತ್ತದೆ, ಸೋಂಕು ಇಟ್ಟುಕೊಂಡು ಅದನ್ನು ಶುರು ಮಾಡುವುದು ತುಂಬಾ ಅಪಾಯ. ಡಾಕ್ಟರ್ ಹೇಳಿದ್ದು ಸರಿಯೇ. ಆದರೂ ಆ ದಿನ ಅವರ ಮುಖ ನೋಡಲು ಮನಸ್ಸಾಗಲಿಲ್ಲ. ಇತ್ತ ಕಾಯುವಷ್ಟು ದಿನವೂ ಕಾಯಿಲೆ ವಾಪಸ್ ಬರಬಹುದು ಅನ್ನುವ ಹೆದರಿಕೆ. ಅದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಮಾತು ಬದಲಾಯಿಸುತ್ತೇವೆ.

ತಮ್ಮ ಈಗ ಬೈಕ್ ಮುಟ್ಟುವುದಿಲ್ಲ. ಯಾರಾದರೂ ಕೆಮ್ಮಿದರೆ ಎದ್ದು ಹೋಗುತ್ತಾನೆ. ನಾಲ್ಕೈದು ದಿನ ಇಂಜೆಕ್ಷನ್, ಮೂಳೆನೋವು, ಆಮೇಲೆ ಸ್ಟೆಮ್ ಸೆಲ್ ತೆಗೆಯುವ ಮೆಷಿನ್ ಪಕ್ಕ ಗಂಟೆಗಟ್ಟಲೆ ಮಲಗಬೇಕು ಅಂತ ಗೊತ್ತಿದ್ದೂ, "ದಿನ ಯಾವಾಗ ಕೊಡ್ತಾರಂತೆ?" ಅಂತ ಅವನೇ ಜಾಸ್ತಿ ಕೇಳುವುದು. ಯಾಕೋ ಇಷ್ಟು ಹುಷಾರು ಅಂದರೆ, "ಅಕ್ಕನ ಮ್ಯಾರೋ ಇಟ್ಕೊಂಡು ಓಡಾಡ್ತಿದೀನಿ ಕಣೇ, ಬೀಳೋಕಾಗುತ್ತಾ?" ಅಂದ.

ಮಂಗಳವಾರ ಮತ್ತೆ ಸ್ಕ್ಯಾನ್. ಥರ್ಮಾಮೀಟರನ್ನು ಅಕ್ಕ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ, ನಾನು ಮುಖ ನೋಡುತ್ತಾ ನಿಂತರೆ ಅದು ಏರುತ್ತದಂತೆ. ಈಗ ತಾನೇ ಅವಳೇ ನೋಡಿ ಹೇಳಿದಳು, 98.8. ನನಗೆ ತೋರಿಸು ಅಂದೆ. ತೋರಿಸಲಿಲ್ಲ.